ಪ್ರೈವೇಟ್ ನಂಬರ್ ನಲವತ್ತೇಳು

"ಒಂದ ಬ್ಲಾಕಿನ್ಯಾಗ ಎರಡ ಗಾಡಿ!" ಅಪ್ಪ ಚಹಾದ ಕಪ್ಪನ್ನು ಠಪ್ಪನೆ ಕೆಳಗಿಟ್ಟರು. "ಶಾಲೂ, ನಿಮ್ಮ ಮಂದಿಗೆ ತಲಿ ಕೆಟ್ಟೈತೇನು?"

ನಾನು ಇಂಚರಳ ಜಡೆ ಹೆಣೆಯುತ್ತಿದ್ದೆ. ಬೆಲ್ಜಿಯಮ್ಮಿನ ಲುವೆನ್ ಎಂಬ ಸಣ್ಣ ಊರಿನಲ್ಲಿ ನಮ್ಮ ಮನೆ. ಬೆಳಗಿನ ಏಳೂವರೆ. ಅಜ್ಜ, ಮೊಮ್ಮಗಳು ಇಬ್ಬರೂ ಆವತ್ತು ಗಡಿಯಾಚೆಯ ಕೊಲೋನಿಗೆ ಹೋಗುವವರಿದ್ದರು. ನನ್ನ ಗಂಡ ಅಭಯನಿಗೆ ಅಲ್ಲಿ ಕೆಲಸ, ವಾರಕ್ಕೊಮ್ಮೆ ಬರುತ್ತಾನೆ. ಈ ಸಲ ಮಗಳೇ ಹೋಗಿ ಅವನಿಗೆ ಅಚ್ಚರಿ ಕೊಡುತ್ತೇನೆಂದು ಹಟ ಹಿಡಿದಿದ್ದಳು. ಅಪ್ಪ, ಚನ್ನವೀರಪ್ಪ ತಡಕೋಡ, ಹುಬ್ಬಳ್ಳಿ ವಿಭಾಗದ ಸಣ್ಣ ಸಣ್ಣ ನಿಲ್ದಾಣಗಳಲ್ಲಿ ಮೂವತ್ತಾರು ವರ್ಷ ಸ್ಟೇಷನ್ ಮಾಸ್ಟರ್ ಆಗಿದ್ದವರು. ಎರಡು ನಿಲ್ದಾಣಗಳ ನಡುವಿನ ಬ್ಲಾಕನ್ನು ಒಂದು ಗಾಡಿ ಪೂರ್ತಿ ದಾಟಿ ಹೋಗುವ ತನಕ ಹಿಂದಿನದಕ್ಕೆ ಸಿಗ್ನಲ್ ಕೊಡದೆ ಮೂವತ್ತಾರು ವರ್ಷ ಕಳೆದ ಮನುಷ್ಯನಿಗೆ ನಮ್ಮ ಜೋಡಿ ಓಟ ಅರ್ಥವಾಗುವಂತೆ ಹೇಳುವುದು ಹೇಗೆ?

"ಅಪ್ಪಾ, ಗಡಿ ಸುರಂಗ ಒಂದ ಅದರಿ. ಕಂಪನಿ ಎರಡು, ನೀಲಿ ಒಂದು, ಕೆಂಪ ಒಂದು. ಇಬ್ಬರಿಗೂ ತಾಸಿಗೆ ಆರಾರು ಗಾಡಿ ಓಡಸಬೇಕು. ಅದಕ್ಕ ನೀಲಿ ಮುಂದ, ಕೆಂಪ ಹಿಂದ. ನಡುವ ಒಂದು ಕಿಲೋಮೀಟರ್ ಮ್ಯಾಲ ನೂರು ಮೀಟರ್ ಅಂತರ."

"ವೇಗ?"

"ಮುನ್ನೂರಾ ಎಂಬತ್ತು."

ಅಪ್ಪ 'ಶಿವ ಶಿವಾ' ಎಂದು ಎದ್ದು ನಿಂತರು. ನನಗೆ ನಗು ಬಂತು. ಮುಂದಿನ ಗಾಡಿ ಸೆಕೆಂಡಿಗೆ ಹತ್ತು ಸಲ ರೇಡಿಯೋದಲ್ಲಿ ಹಿಂದಿನದಕ್ಕೆ ಹೇಳುತ್ತಲೇ ಇರುತ್ತದೆ, ನನ್ನ ವೇಗ ಇಷ್ಟು, ಬ್ರೇಕ್ ಹಿಡಿದಿದ್ದೇನೆ, ಹಿಡಿದಿಲ್ಲ ಎಂದು. ಮುಂದಿನದು ಬ್ರೇಕ್ ಹಿಡಿದ ಗಳಿಗೆಯಲ್ಲೇ ಹಿಂದಿನದೂ ಹಿಡಿಯುತ್ತದೆ. ರೇಡಿಯೋ ಸತ್ತರೂ ಹಿಡಿಯುತ್ತದೆ. ಇದನ್ನೆಲ್ಲ ವಿವರಿಸಿದೆ.

"ಮುಂದಿನಾಂವ ಗಪ್ಪನ ನಿಂತ್ರ?"

"ಗಪ್ಪನ ನಿಲ್ಲಾಕ ಆಗೂದಿಲ್ಲರಿ. ಪೂರಾ ಬ್ರೇಕ್ ಹಿಡಿದ್ರೂ ನಿಲ್ಲಾಕ ಆರು ಕಿಲೋಮೀಟರ್ ಬೇಕು. ಯಾವ ಗಾಡಿ ಎಷ್ಟರಾಗ ನಿಲ್ತದ ಅಂತ ಕಂಪನಿಯವರು ಮೊದಲ ಬರದ ಕೊಟ್ಟಿರ್ತಾರ."

"ಬರದ ಕೊಟ್ಟಾಂವ ಖರೇ ಬರದಾನ ಅಂತ ಯಾರು ನೋಡ್ತಾರ?"

"ನಾನ ನೋಡ್ತೀನಿ. ಅದ ನನ್ನ ಕೆಲಸ," ಎಂದೆ. ಎಷ್ಟು ಜಂಬದಿಂದ ಹೇಳಿದೆ ಎಂದು ನೆನೆಸಿಕೊಂಡರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಬ್ರಸೆಲ್ಸ್ ನಿಲ್ದಾಣದಲ್ಲಿ ಎರಡು ಗಾಡಿಗಳೂ ಅಕ್ಕಪಕ್ಕದ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದವು. ಕೆಂಪು ಗಾಡಿಯ ಮೂತಿ ಪೂರ್ತಿ ಗಾಜಿನದು. ಮೊದಲ ಬೋಗಿಯಲ್ಲಿ ಕುಳಿತರೆ ಹಳಿ, ಮುಂದೆ ಓಡುವ ನೀಲಿ ಗಾಡಿಯ ಬಾಲ, ಎಲ್ಲ ಕಾಣುತ್ತದೆ. ಇಂಚರ ಆ ಗಾಜಿಗಾಗಿಯೇ ಕೆಂಪು ಗಾಡಿ ಬೇಕೆಂದಿದ್ದಳು. ಅಪ್ಪ ಅರೆಮನಸ್ಸಿನಿಂದ ಹತ್ತಿದರು. ಗಾಜಿನ ಪಕ್ಕದ ಗೋಡೆಯಲ್ಲಿ ಹಳದಿ ಹಿಡಿಕೆಯೊಂದಿತ್ತು. ಕಂಡ ಕೂಡಲೇ ಇಂಚರ ಕೇಳಿದಳು, ಅದೇನು ಎಂದು.

"ಅದು ಚೈನ್, ಕೂಸ. ಅದಕ್ಕ ಕೈ ಹಚ್ಚಬಾರದು. ಸುಮ್‌ಸುಮ್ನ ಚೈನ್ ಎಳದ ಎಷ್ಟ ಮಂದೀನ ನಾ ಪೊಲೀಸರ ಕೈಯಾಗ ಕೊಟ್ಟೀನಿ ಗೊತ್ತೇನು?"

ಸುರಂಗದೊಳಗೆ ಆ ಹಿಡಿಕೆ ಕೆಲಸ ಮಾಡುವುದಿಲ್ಲ, ಬರೀ ಗಂಟೆ ಬಾರಿಸುತ್ತದೆ ಎಂದು ನಾನು ತಿಳಿಸಿ ಹೇಳಿದೆ. ಸುರಂಗದ ನಡುವೆ ಯಾರೂ ಗಾಡಿ ನಿಲ್ಲಿಸಬಾರದು ಎಂದು ಮಾಡಿದ ನಿಯಮ. ಅಪ್ಪ ತಲೆಯಾಡಿಸಿ ಒಪ್ಪಿದರು. ಆ ನಿಯಮವೊಂದೇ ಅವರಿಗೆ ಹಿಡಿಸಿತು.

ಒಂಬತ್ತು ನಲವತ್ತೈದಕ್ಕೆ ಗಾಡಿಗಳು ಹೊರಟವು. ನಾನು ಮೆಟ್ಟಿಲಿಳಿದು ನಿಲ್ದಾಣದ ನೆಲಮಾಳಿಗೆಯಲ್ಲಿದ್ದ ನಮ್ಮ ನಿಯಂತ್ರಣ ಕೋಣೆಗೆ ಹೋದೆ.

ನನ್ನ ಹುದ್ದೆ ವಿಚಿತ್ರವಾದದ್ದು. ಗಾಡಿಗಳನ್ನು ನಡೆಸುವುದು ಯಂತ್ರ. ಕೋಣೆಯ ಎಡಕ್ಕೆ ಗಾಜಿನ ಗೋಡೆಯ ಆಚೆ ನೀಲಿ ಕಂಪನಿಯವರು, ಬಲಕ್ಕೆ ಇನ್ನೊಂದು ಗಾಜಿನಾಚೆ ಕೆಂಪು ಕಂಪನಿಯವರು. ನಡುವೆ ಯಾವ ಕಂಪನಿಗೂ ಸೇರದೆ ಬರೀ ಸುರಕ್ಷತೆ ನೋಡುವ ನಾನು ಮತ್ತು ನನ್ನ ಮೇಲಿನವಳು ಕ್ಯಾಟ್ರೀನ್. ಎರಡೂ ಕಡೆಯ ಗುಟ್ಟುಗಳು ನಮಗೆ ತಿಳಿದಿರಬೇಕು, ಒಂದು ಕಡೆಯದನ್ನು ಇನ್ನೊಂದು ಕಡೆ ಬಾಯಿಬಿಡಬಾರದು. ಬಿಟ್ಟರೆ ಜೈಲು. ಕೆಲಸಕ್ಕೆ ಸೇರಿದ ದಿನ ಹನ್ನೊಂದು ಪುಟಕ್ಕೆ ಸಹಿ ಹಾಕಿದ್ದೆ. ನೀಲಿಯವರ ಕಡತ ಒಂದು ಕಪಾಟಿನಲ್ಲಿ, ಕೆಂಪಿನವರದು ಇನ್ನೊಂದರಲ್ಲಿ. ಎರಡನ್ನೂ ಒಟ್ಟಿಗೆ ಮೇಜಿನ ಮೇಲಿಡುವುದು ಕೂಡ ತಪ್ಪು.

ಹತ್ತು ಗಂಟೆ ಎರಡು ನಿಮಿಷಕ್ಕೆ ನನ್ನ ಪರದೆಯ ಮೇಲೆ ನೀಲಿ ಗಾಡಿಯ ಒಂದು ಅಂಕಿ ಹಳದಿಯಾಯಿತು. ಕೊನೆಯ ಬೋಗಿಯ ಹಿಂದಿನ ಗಾಲಿಯ ಅಚ್ಚಿನ ಬಿಸಿ ಎಪ್ಪತ್ತೊಂದು ಡಿಗ್ರಿ. ನಲವತ್ತೈದರ ಆಸುಪಾಸು ಇರಬೇಕಾದದ್ದು. ನೂರು ಮುಟ್ಟಿದರೆ ಯಂತ್ರ ಯಾರನ್ನೂ ಕೇಳದೆ ಪೂರ್ತಿ ಬ್ರೇಕ್ ಹಾಕುತ್ತದೆ.

ಹಾಕಲಿ ಬಿಡು, ಹಿಂದಿನದೂ ಹಾಕುತ್ತದೆ ಅಂದುಕೊಂಡೆ. ಆಗ ಅಪ್ಪ ಬೆಳಗ್ಗೆ ಕೇಳಿದ ಮಾತು ನೆನಪಾಯಿತು. ಮುಂದಿನಾಂವ ಗಪ್ಪನ ನಿಂತ್ರ?

ಕಾಗದ, ಪೆನ್ನು ಹತ್ತಿರಕ್ಕೆ ಎಳೆದುಕೊಂಡೆ.

ಕಳೆದ ವಾರ ನೀಲಿ ಕಂಪನಿಯವರು ಮುಚ್ಚಿದ ಲಕೋಟೆಯೊಂದನ್ನು ಕೊಟ್ಟಿದ್ದರು. ಹೊಸ ಬ್ರೇಕು. ಹಳಿಯನ್ನೇ ಅಯಸ್ಕಾಂತದಿಂದ ಹಿಡಿದುಕೊಳ್ಳುವಂಥದ್ದು. ಆರು ಕಿಲೋಮೀಟರಿನಲ್ಲಿ ನಿಲ್ಲುತ್ತಿದ್ದ ಗಾಡಿ ಈಗ ನಾಲ್ಕೂಕಾಲಿನಲ್ಲಿ ನಿಲ್ಲುತ್ತದೆ. ತಡವಾಗಿ ಬ್ರೇಕ್ ಹಿಡಿಯಬಹುದು, ಎರಡು ನಿಮಿಷ ಮೊದಲು ಊರು ಮುಟ್ಟಬಹುದು. ಎದುರಾಳಿಗೆ ತಿಳಿಯಬಾರದು. ನಾನು ಕಡತ ಓದಿದೆ. ಮೊದಲಿಗಿಂತ ಒಳ್ಳೆಯ ಬ್ರೇಕು, ಮೊದಲಿಗಿಂತ ಸುರಕ್ಷಿತ ಎಂದು ಬರೆದು ಮುದ್ರೆ ಒತ್ತಿದೆ. ಅದೇ ದಿನ ಮಧ್ಯಾಹ್ನ ಇನ್ನೊಂದು ಕಪಾಟು ತೆಗೆದು ಕೆಂಪು ಗಾಡಿಯ ಅಂತರದ ಲೆಕ್ಕ ನೋಡಿ ಅದಕ್ಕೂ ಒತ್ತಿದೆ. ಆ ಲೆಕ್ಕದಲ್ಲಿ ಮುಂದಿನ ಗಾಡಿ ಇನ್ನೂ ಆರು ಕಿಲೋಮೀಟರಿನಲ್ಲೇ ನಿಲ್ಲುತ್ತಿತ್ತು. ಎರಡೂ ಸರಿಯಾಗಿದ್ದವು. ಎರಡನ್ನೂ ಒಟ್ಟಿಗೆ ಓದಿದವರು ಯಾರೂ ಇರಲಿಲ್ಲ. ಓದಬೇಕಾದವಳು ನಾನು.

ನಮ್ಮೂರ ಟೆಂಪೋ ಡ್ರೈವರಿಗೂ ಗೊತ್ತಿರುವ ಸಂಗತಿ ಇದು. ಮುಂದಿನವನ ಬ್ರೇಕು ಚೆನ್ನಾಗಿದ್ದರೆ ಹಿಂದಿನವನಿಗೆ ಗಂಡಾಂತರ.

ಕಾಗದದ ಮೇಲೆ ಗೀಚಿದೆ. ನೀಲಿ ನಿಲ್ಲುವುದು ನಾಲ್ಕೂಕಾಲರಲ್ಲಿ, ಕೆಂಪು ಆರೂಕಾಲರಲ್ಲಿ, ನಡುವೆ ಇರುವುದು ಒಂದು ಚಿಲ್ಲರೆ. ಸುಮಾರು ಒಂಬೈನೂರು ಮೀಟರ್ ಕಡಿಮೆ ಬೀಳುತ್ತದೆ. ನಿಲ್ಲುತ್ತಿರುವ ನೀಲಿ ಗಾಡಿಗೆ ಕೆಂಪು ಗಾಡಿ ಗಂಟೆಗೆ ನೂರು ಕಿಲೋಮೀಟರಿಗೂ ಮೇಲಿನ ವೇಗದಲ್ಲಿ ಗುದ್ದುತ್ತದೆ. ಸುರಂಗದೊಳಗೆ. ಗಾಜಿನ ಮೂತಿಯ ಹಿಂದೆ ಮೊದಲ ಸೀಟಿನಲ್ಲಿ ನನ್ನ ಮಗಳು ಕುಳಿತಿದ್ದಾಳೆ.

ಬಿಸಿ ಎಪ್ಪತ್ತೊಂಬತ್ತು.

"ಕ್ಯಾಟ್ರೀನ್!" ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಕಾಗದ ಅವಳ ಮುಂದಿಟ್ಟೆ. ಅವಳು ಓದಿ ಬಿಳಿಚಿಕೊಂಡಳು.

"ಅಂತರ ಹೆಚ್ಚಿಸುವ ಆದೇಶ ಹಾಕು," ಎಂದಳು.

ಹಾಕಿದೆ. ಯಂತ್ರ ತಿರಸ್ಕರಿಸಿತು. ಆದೇಶಕ್ಕೆ ಕಾರಣ ಬರೆಯಬೇಕು, ಬರೆದ ಕಾರಣ ಎದುರು ಕಂಪನಿಯ ಗುಟ್ಟು, ಆದ್ದರಿಂದ ಎರಡೂ ಕಂಪನಿಗಳ ಒಪ್ಪಿಗೆ ಬೇಕು. ನಾವೇ ಮಾಡಿದ ನಿಯಮ. ಕ್ಯಾಟ್ರೀನ್ ನೀಲಿ ಗೋಡೆಯ ಕಡೆ ಓಡಿದಳು, ನಾನು ಕೆಂಪಿನ ಕಡೆ.

"ನಿಮ್ಮ ಗಾಡಿಯನ್ನು ನಿಧಾನ ಮಾಡಿ. ಈಗಲೇ," ಎಂದೆ.

ಕೆಂಪು ಕಂಪನಿಯ ಮೇಜಿನವನು ಕಾಫಿ ಕುಡಿಯುತ್ತಿದ್ದ. "ಯಾಕೆ?"

"ಕಾರಣ ಹೇಳಲಾರೆ."

"ನಿಧಾನ ಮಾಡಿದರೆ ನಮ್ಮ ಸರದಿ ತಪ್ಪುತ್ತದೆ, ಸುರಂಗಕ್ಕೆ ಇಪ್ಪತ್ತೈದು ನಿಮಿಷ ಕಾಯಬೇಕು. ಹೋದ ತಿಂಗಳೂ ನೀಲಿಯವರು ಹೀಗೇ ಸುಳ್ಳು ಎಚ್ಚರಿಕೆ ಕಳಿಸಿ ನಮ್ಮನ್ನು ಹಿಂದೆ ಹಾಕಿದರು. ಕಾರಣ ಬರೆದು ಕೊಡಿ, ಮೇಡಂ."

"ನಾನು ಬೇಡಿಕೊಳ್ಳುತ್ತೇನೆ. ಅವರ ಬ್ರೇಕು..." ಎಂದುಬಿಟ್ಟೆ. ಗೋಡೆಯ ಮಾತಿನ ಕಿಂಡಿ ಟಕ್ಕೆಂದು ಮುಚ್ಚಿಕೊಂಡಿತು. ಆ ಪದ ಕೇಳಿದರೆ ಮುಚ್ಚಿಕೊಳ್ಳುವಂತೆ ಅದಕ್ಕೆ ಕಲಿಸಿದ್ದರು. ಗಾಜಿನಾಚೆ ಅವನ ತುಟಿ ಮಾತ್ರ ಅಲ್ಲಾಡುತ್ತಿತ್ತು. ನಾನು ಗಾಜು ಬಡಿದೆ. ಅವನು ಭುಜ ಕುಣಿಸಿದ.

ಕ್ಯಾಟ್ರೀನ್ ವಾಪಸು ಬಂದಳು. ನೀಲಿಯವರು ಎಂಬತ್ತೆಂಟು ಅಂದರೆ ನೂರಲ್ಲವಲ್ಲ, ಆ ಅಚ್ಚಿನ ಸೆನ್ಸರು ಸುಳ್ಳು ಹೇಳುತ್ತದೆ, ನಿಧಾನ ಮಾಡುವುದಿಲ್ಲ ಎಂದಿದ್ದರು. ಅವಳ ಕಣ್ಣಲ್ಲಿ ನೀರಿತ್ತು. ಸುರಂಗದ ಬಾಯಿಗೆ ಎರಡು ನಿಮಿಷ ಉಳಿದಿತ್ತು.

ನಾನು ಫೋನ್ ತೆಗೆದೆ. ಒಂದು ಸಲ ಬಾರಿಸಿತು. ಎರಡು. ಅಪ್ಪನಿಗೆ ಫೋನನ್ನು ಜೇಬಿನೊಳಗಿನ ಚೀಲದೊಳಗಿನ ಚೀಲದಲ್ಲಿಡುವ ಚಟ. ಮೂರು.

"ಹಾಂ, ಶಾಲೂ. ಭಾಳ ಚಂದ ಕಾಣತೈತಿ ನೋಡವಾ..."

"ಅಪ್ಪಾ, ಚೈನ್ ಎಳೀರಿ."

"ಏನಂದಿ?"

"ನಿಮ್ಮ ಬಾಜೂಕ ಹಳದಿ ಹಿಡಿಕಿ ಅದಲ್ಲರಿ, ಅದನ್ನ ಎಳೀರಿ. ಈಗ. ಮುಂದಿನ ಗಾಡಿ ಹಾಟ್ ಆಕ್ಸಲ್ ಆಗೇದ. ಅದು ನಿಂತ್ರ ನಿಮ್ಮದು ಹೋಗಿ ಬಡೀತದ."

ಅಪ್ಪ ಕೂಗಾಡುತ್ತಾರೆ, ಹೆದರುತ್ತಾರೆ ಅಂದುಕೊಂಡಿದ್ದೆ. ಫೋನಿನಾಚೆಯ ದನಿ ತಟ್ಟನೆ ಬೇರೆಯಾಯಿತು. ಮಳೆಯಲ್ಲೂ ಬಿಸಿಲಲ್ಲೂ ಗೇಟಿನವನ ಜೊತೆ ಮಾತಾಡುತ್ತಿದ್ದ ಸ್ಟೇಷನ್ ಮಾಸ್ಟರನ ದನಿ ಅದು. ನಾನು ಚಿಕ್ಕವಳಿದ್ದಾಗ ಅವರ ಮೇಜಿನ ಕೆಳಗೆ ಕುಳಿತು ಕೇಳಿದ್ದು.

"ನಮ್ಮ ಹಿಂದ ಯಾವ ಗಾಡಿ ಐತಿ?"

ಹಿಂದೆ! ನಾನು ಹಿಂದೆ ನೋಡಿಯೇ ಇರಲಿಲ್ಲ. ಪರದೆಯತ್ತ ತಿರುಗಿದೆ. "ಅರವತ್ತೆರಡು ಕಿಲೋಮೀಟರ್ ಹಿಂದ ಒಂದು ಅದರಿ. ಅದಕ್ಕ ನಿಲ್ಲಾಕ ಜಾಗಾ ಅದ."

"ಖಾತ್ರಿ?"

"ಖಾತ್ರಿ. ಎಳೀರಿ ಅಪ್ಪಾ!"

"ಪ್ರೈವೇಟ್ ನಂಬರ್ ಕೊಡು."

ನಮ್ಮ ಕಡೆ ರೈಲ್ವೆಯಲ್ಲಿ ಫೋನಿನ ಮೇಲೆ ಬಾಯಿಮಾತಿನ ಆದೇಶ ಕೊಟ್ಟರೆ ಯಾರೂ ಗೇಟು ತೆರೆಯುವುದಿಲ್ಲ, ಮುಚ್ಚುವುದಿಲ್ಲ. ಹೇಳಿದವನು ಒಂದು ಗುಪ್ತ ಅಂಕಿ ಕೊಡಬೇಕು, ಕೇಳಿದವನು ಅದನ್ನು ತಿರುಗಿ ಹೇಳಿ ಹೊತ್ತಿನ ಸಮೇತ ಬರೆದುಕೊಳ್ಳಬೇಕು. ಆದೇಶ ಕೊಟ್ಟವನು ನಾಳೆ ನಾನು ಹೇಳಿಲ್ಲ ಅನ್ನಬಾರದು, ಅದಕ್ಕೆ. ನಿವೃತ್ತಿಯಾಗಿ ಹನ್ನೆರಡು ವರ್ಷವಾದರೂ ಈ ಮನುಷ್ಯ, ಸಾವು ಒಂದು ಕಿಲೋಮೀಟರ್ ಮುಂದಿರುವಾಗ, ಅಂಕಿ ಕೇಳುತ್ತಿದ್ದಾರೆ!

"ಅಪ್ಪಾ, ನಿಮ್ಮ ಕಾಲಿಗೆ ಬೀಳ್ತೀನಿ! ಇಂಚರ ಅದಾಳ ಅಲ್ಲಿ!"

"ಅದಕ್ಕ ಕೇಳಾಕತ್ತೀನಿ. ನಾಕನೂರು ಮಂದಿ ಅದಾರ ಇದರಾಗ. ನೀ ಗಾಬರಿಯಾಗಿ ಮಾತಾಡಾಕತ್ತೀಯೋ, ತಿಳಿದ ಮಾತಾಡಾಕತ್ತೀಯೋ ನನಗ ಗೊತ್ತಾಗಬೇಕು. ನಂಬರ್ ಕೊಡು, ತಂಗಿ."

ಬಿಸಿ ತೊಂಬತ್ತೊಂದು. ನಾನು ಒಂದು ಉಸಿರು ಎಳೆದುಕೊಂಡೆ. ಪರದೆ ನೋಡಿದೆ, ನನ್ನ ಲೆಕ್ಕ ನೋಡಿದೆ. ತಪ್ಪಿರಲಿಲ್ಲ.

"ನಲವತ್ತೇಳು," ಎಂದೆ.

"ನಾಕು, ಏಳು. ನಲವತ್ತೇಳು. ಹತ್ತು ಗಂಟೆ ಆರು ನಿಮಿಷ. ಬರಕೊಂಡೆ." ಪೆನ್ನಿನ ಮುಚ್ಚಳ ಹಾಕಿದ ಸದ್ದು ಕೂಡ ಕೇಳಿಸಿತು. "ಇಂಚರಾ, ನೆಲದ ಮ್ಯಾಲ ಕುಂದರು, ಬೆನ್ನ ಸೀಟಿಗೆ ಹಚ್ಚು. ಎಲ್ಲಾರೂ ಗಟ್ಟಿ ಹಿಡ್ಕೋರಿ!" ಅದನ್ನು ಅವರು ಕನ್ನಡದಲ್ಲೇ ಕೂಗಿದರು. ಅಲ್ಲಿದ್ದ ಬೆಲ್ಜಿಯಮ್ಮಿನವರು ಜರ್ಮನಿಯವರು ಏನು ತಿಳಿದರೋ, ಆಮೇಲೆ ಕೇಳಿದರೆ ಎಲ್ಲರೂ ಹಿಡಿದುಕೊಂಡಿದ್ದರಂತೆ.

ಆಮೇಲೆ ಫೋನಿನಲ್ಲಿ ಕಿರಿಚಾಟ, ಲೋಹದ ಸದ್ದು. ಕೆಂಪು ಚುಕ್ಕಿ ನೀಲಿ ಚುಕ್ಕಿಯಿಂದ ಮೆಲ್ಲಗೆ ದೂರವಾಗತೊಡಗಿತು. ಒಂದು ಕಿಲೋಮೀಟರ್, ಎರಡು, ನಾಲ್ಕು. ಎರಡು ನಿಮಿಷ ನಾನು ಆ ಚುಕ್ಕಿಗಳಿಂದ ಕಣ್ಣು ಕೀಳಲಿಲ್ಲ. ಕೆಂಪು ಗಾಡಿ ಸುರಂಗದ ಬಾಯಿಗೆ ಎಂಟುನೂರು ಮೀಟರ್ ಇರುವಾಗ ನಿಂತಿತು. ನೀಲಿ ಗಾಡಿ ಒಳಗೆ ಹೋಗಿತ್ತು.

ನಾಲ್ಕು ನಿಮಿಷದ ನಂತರ ಅದರ ಅಚ್ಚಿನ ಬಿಸಿ ನೂರು ದಾಟಿತು. ಯಂತ್ರ ಪೂರ್ತಿ ಬ್ರೇಕ್ ಹಾಕಿತು. ಗಾಡಿ ನಾಲ್ಕೂಕಾಲು ಕಿಲೋಮೀಟರಿನಲ್ಲಿ, ಕಡತದಲ್ಲಿ ಬರೆದಂತೆಯೇ, ಚೊಕ್ಕವಾಗಿ ನಿಂತಿತು. ಅದರ ಹಿಂದೆ ಯಾರೂ ಇರಲಿಲ್ಲ. ನಾನು ಕುರ್ಚಿಯಿಂದ ಜಾರಿ ನೆಲದ ಮೇಲೆ ಕುಳಿತು ಅತ್ತೆ, ಕ್ಯಾಟ್ರೀನ್ ನನ್ನ ತಲೆ ಹಿಡಿದುಕೊಂಡಳು.

ಅಪ್ಪನನ್ನು ಪೊಲೀಸರು ಮೂರು ತಾಸು ಕೂರಿಸಿಕೊಂಡಿದ್ದರು. ಸುಮ್ಮನೆ ಹಿಡಿಕೆ ಎಳೆದ ಆರೋಪ! ಅದೇ ಗಾಡಿಯಲ್ಲಿ ಬಂದಿದ್ದ ಒಬ್ಬಾಕೆ ಮಾತ್ರ ಅವರ ಪಕ್ಕ ಬಂದು ಕುಳಿತು, ಗಾಡಿಯಲ್ಲಿ ನೀವು ಏನೋ ಬರೆದುಕೊಳ್ಳುತ್ತಿದ್ದಿರಲ್ಲ, ಏನದು ಎಂದು ಕೇಳಿದಳಂತೆ. ಪತ್ರಿಕೆಯೊಂದರ ವರದಿಗಾರ್ತಿ. ಅಪ್ಪ ಬಾಯಿ ಬಿಡಲಿಲ್ಲ. ಅವಳು ತನ್ನ ಕಾರ್ಡು ಕೊಟ್ಟು ಹೋದಳು. ಅವರು ಅದನ್ನು ಡೈರಿಯಲ್ಲಿಟ್ಟುಕೊಂಡರು.

ಒಂದು ವಾರ ಬಿಟ್ಟು ತನಿಖೆಯ ವರದಿ ಬಂತು. ಎರಡು ಸಾಲು. ನೀಲಿ ಗಾಡಿ ನಿಂತಾಗ ಹಿಂದಿನ ಗಾಡಿ ಇಪ್ಪತ್ತು ಕಿಲೋಮೀಟರಿಗಿಂತ ದೂರವಿತ್ತು. ಯಾವ ಅಪಾಯವೂ ಕಂಡುಬಂದಿಲ್ಲ.

ಅಪಾಯ ತಪ್ಪಿಸಿದ್ದಕ್ಕೇ ಅಪಾಯ ಇರಲಿಲ್ಲವಂತೆ! ಎರಡೂ ಕಡೆಯ ವಕೀಲರು ಬಂದರು, ನಯವಾಗಿ ಮಾತಾಡಿದರು. ಮೇಡಂ ಫೋನ್ ಮಾಡಿದ್ದನ್ನು ನಾವು ಮರೆಯುತ್ತೇವೆ. ವಯಸ್ಸಾದ ತಂದೆಯವರು ಹಿಡಿಕೆಯನ್ನು ಬೇರೇನೋ ಎಂದು ತಿಳಿದು ಎಳೆದರು ಎಂದು ಬರೆದ ಈ ಕಾಗದಕ್ಕೆ ನೀವೊಂದು ಸಹಿ ಹಾಕಿಬಿಡಿ, ಅಷ್ಟೇ. ಕಾಗದ ತಂದು ಮನೆಯ ಮೇಜಿನ ಮೇಲಿಟ್ಟೆ.

"ಹಾಕವಾ," ಎಂದರು ಅಪ್ಪ. "ಮುದುಕ ತಿಳೀಲಾರದ ಎಳದಾನ ಅಂದ್ರ ನನ್ನ ಗಂಟೇನ ಹೋಗ್ತೈತಿ? ನಿನ್ನ ನೌಕರಿ ಉಳೀಲಿ."

ಮೂವತ್ತಾರು ವರ್ಷ ಒಂದು ತಪ್ಪು ಸಿಗ್ನಲ್ ಕೊಡದ ಮನುಷ್ಯ ಈ ಮಾತನ್ನು ಗೋಡೆ ನೋಡುತ್ತ ಹೇಳಿದರು. ನನಗೆ ಸಿಟ್ಟು ಬಂತು, ಸಂಕಟವಾಯಿತು, ಆದರೂ ನಿಜ ಹೇಳುತ್ತೇನೆ, ಪೆನ್ನು ತೆಗೆದಿದ್ದೆ. ಜೈಲಿನ ಹೆದರಿಕೆ ದೊಡ್ಡದು. ಮಗಳು ಇನ್ನೂ ಎಂಟು ವರ್ಷದವಳು. ನಾಳೆ ಹಾಕಿದರಾಯಿತು ಎಂದು ಕಾಗದವನ್ನು ಮಡಚಿ ಚೀಲದಲ್ಲಿಟ್ಟೆ.

ಮರುದಿನ ಭಾನುವಾರ ಬೆಳಗ್ಗೆ ಮೂವರೂ ಊರ ಹೊರಗೆ ನಡೆದು ಹೋದೆವು. ಬೀಟ್‌ರೂಟ್ ಹೊಲಗಳ ನಡುವೆ ಹಳಿ ದಾಟುವ ಒಂದು ಸೇತುವೆಯಿದೆ. ಅಪ್ಪ ಬಂದ ದಿನದಿಂದ ಇಂಚರಳಿಗೆ ಅಲ್ಲಿ ಗಾಡಿ ಎಣಿಸುವುದನ್ನು ಕಲಿಸಿದ್ದರು. ನೀಲಿಯ ಬಾಲ ಸೇತುವೆ ದಾಟಿದ ಕೂಡಲೇ ಗಡಿಯಾರ ನೋಡು, ಕೆಂಪಿನ ಮೂತಿ ಬಂದ ಕೂಡಲೇ ಮತ್ತೆ ನೋಡು. ಯಾವಾಗ ನೋಡಿದರೂ ಹತ್ತು ಸೆಕೆಂಡು. ಹತ್ತು ಸೆಕೆಂಡೆಂದರೆ ಒಂದು ಕಿಲೋಮೀಟರಿಗೆ ಸ್ವಲ್ಪ ಮೇಲೆ. ಅದೇ ನಮ್ಮ ಅಂತರ.

ನೀಲಿ ಗಾಡಿ ಬಂತು, ಸೇತುವೆ ನಡುಗಿತು, ಹೋಯಿತು. ಅಪ್ಪನ ದೊಡ್ಡ ಕೈಗಡಿಯಾರವನ್ನು ಎರಡೂ ಕೈಯಲ್ಲಿ ಹಿಡಿದು ಇಂಚರ ಬಾಗಿ ನಿಂತಿದ್ದಳು. ಕೆಂಪು ಗಾಡಿ ಬಂತು.

"ಅಜ್ಜಾ, ಒಂಬತ್ತ ಆತು."

"ಸರಿ ನೋಡಿಯೇನು?"

"ಹೂಂ."

ಅಪ್ಪ ನನ್ನನ್ನು ನೋಡಿದರು, ನಾನು ಅವರನ್ನು. ಮಗು ತಪ್ಪು ನೋಡಿರಬಹುದು. ಹತ್ತು ನಿಮಿಷ ಕಾದೆವು. ಮುಂದಿನ ಜೋಡಿ ಬಂದಾಗ ಗಡಿಯಾರ ಅಪ್ಪನ ಕೈಯಲ್ಲಿತ್ತು.

"ಒಂಬತ್ತ," ಎಂದರು.

ನನಗೆ ಎಲ್ಲ ಅರ್ಥವಾಯಿತು. ಯಾವ ಅಪಾಯವೂ ಕಂಡುಬಂದಿಲ್ಲವಲ್ಲ! ಅಪಾಯವಿಲ್ಲದ ಮೇಲೆ ಅಷ್ಟು ಅಂತರ ಯಾಕೆ? ಹೀಗೇ ಒಂದೊಂದು ಸೆಕೆಂಡು ಕಡಿಮೆ ಮಾಡುತ್ತ ಹೋದರೆ ಜೋಡಿಯ ಹಿಂದೆ ಮೂರನೆಯ ಗಾಡಿಯನ್ನೂ ಓಡಿಸಬಹುದು. ನಾನು ಸಹಿ ಹಾಕುವ ಮೊದಲೇ ಅವರು ನನ್ನ ಸಹಿಯನ್ನು ನಂಬಿ ಗಾಡಿ ಬಿಟ್ಟಿದ್ದರು. ಸೇತುವೆಯ ಕಂಬಿ ಹಿಡಿದುಕೊಂಡೆ. ಗಾಜಿನ ಮೂತಿಯೊಳಗೆ ಒಬ್ಬ ಹುಡುಗಿ ಕೈ ಬೀಸುತ್ತ ಹೋದದ್ದನ್ನು ನಾನು ನೋಡಿದ್ದೆ.

ಚೀಲದಿಂದ ಕಾಗದ ತೆಗೆದೆ, ಪೆನ್ನು ತೆಗೆದೆ.

"ಅಪ್ಪಾ, ಆಕಿ ಕಾರ್ಡ್ ಕೊಡ್ರಿ. ಪತ್ರಿಕೆಯಾಕಿದು."

ಅಪ್ಪ ಡೈರಿ ಬಿಚ್ಚಿದರು. ನಲವತ್ತೇಳು, ಹತ್ತು ಗಂಟೆ ಆರು ನಿಮಿಷ ಎಂದು ಅವರ ಗುಂಡನೆಯ ಅಕ್ಷರದಲ್ಲಿ ಬರೆದ ಪುಟದಲ್ಲೇ ಕಾರ್ಡಿತ್ತು. ಅವರು ಅದನ್ನು ಕೂಡಲೇ ಕೊಡಲಿಲ್ಲ.

"ಜೈಲಿಗೆ ಹಾಕ್ತಾರ, ತಂಗಿ."

"ಗೊತ್ತದರಿ. ನನಗ ಭಾಳ ಅಂಜಿಕಿ ಆಗೇದ ಅಪ್ಪಾ. ಗಾಬರಿಯಾಗಿ ಮಾಡಾಕತ್ತೀನೋ, ತಿಳಿದ ಮಾಡಾಕತ್ತೀನೋ, ನೀವ ನೋಡಿ ಹೇಳ್ರಿ. ತಿಳಿದ ಮಾಡಾಕತ್ತೀನಿ ಅಂತ ಅನಿಸಿದ್ರ ಪ್ರೈವೇಟ್ ನಂಬರ್ ಕೊಡ್ರಿ."

ಅಪ್ಪ ನನ್ನ ಮುಖವನ್ನೇ ನೋಡಿದರು. ಟೋಪಿ ತೆಗೆದು ಮತ್ತೆ ಸರಿಯಾಗಿ ಇಟ್ಟುಕೊಂಡರು.

"ಹದಿನೆಂಟು," ಎಂದರು.

"ಒಂದು, ಎಂಟು. ಹದಿನೆಂಟು." ಸಹಿ ಹಾಕಬೇಕಾದ ಜಾಗದಲ್ಲಿ ಅದನ್ನು ಬರೆದೆ, ಪಕ್ಕದಲ್ಲಿ ಹೊತ್ತನ್ನೂ ಬರೆದೆ. ಕಾರ್ಡಿನ ನಂಬರು ಒತ್ತಿದೆ. ಆಚೆ ಫೋನ್ ಬಾರಿಸತೊಡಗಿತು. ಕೆಳಗೆ ಹಳಿಗಳು ಮತ್ತೆ ಸಣ್ಣಗೆ ಗುಂಯ್‌ಗುಟ್ಟತೊಡಗಿದವು, ಇಂಚರ ಓಡಿ ಬಂದು ನನ್ನ ಅಂಗಿ ಜಗ್ಗಿದಳು.

"ಅಮ್ಮಾ, ಲಗೂನ ಹೇಳು. ಮತ್ತ ಬಂದೂವು."